ಗೋಡೆಗೆ ಅಂಟಿಸಿದ ದೇಣಿಗೆ ಪಟ್ಟಿ

2023ರ ವಿಧಾನಸಭಾ ಚುನಾವಣೆಯಲ್ಲಿ ಶಿರಸಿ ಕಡೆಯ ಪಕ್ಷೇತರ ಅಭ್ಯರ್ಥಿಯೊಬ್ಬರ ವೆಚ್ಚದ ಲೆಕ್ಕ ನನ್ನ ಕೈಯಲ್ಲಿತ್ತು. ದೇಣಿಗೆ ಕೊಟ್ಟವರ ಹೆಸರು, ಊರು, ಮೊತ್ತವನ್ನು ದಿನವೂ ಸಂಜೆ ಪ್ರಚಾರ ಕಚೇರಿಯ ಗೋಡೆಗೆ ಅಂಟಿಸುತ್ತೇನೆ ಎಂದು ಹೇಳಿದಾಗ, ಇದೇ ಕೆಲಸದಲ್ಲಿ ಪಳಗಿದ ಕುಮಟಾದ ಹಿರಿಯರೊಬ್ಬರು, "ತಮ್ಮಾ, ಹೆಸರು ಬಯಲಾಗುವುದಾದರೆ ನಮ್ಮ ಜಿಲ್ಲೆಯಲ್ಲಿ ಹತ್ತು ರೂಪಾಯಿಯೂ ಹುಟ್ಟುವುದಿಲ್ಲ" ಎಂದರು. ಹುಟ್ಟಿತು. ಸುಮಾರು ಆರುನೂರು ಜನರಿಂದ ಏಳು ಲಕ್ಷದ ಮೇಲೆ ಹುಟ್ಟಿತು. ಅದು ಹೇಗೆಂದು ಹಲವರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಎಡವಿದ ಕಥೆ. 2013ರಲ್ಲಿ ಬೇರೊಬ್ಬ ಅಭ್ಯರ್ಥಿಗೆ ಲೆಕ್ಕ ಬರೆದೆ. ಆಗ ಅಭ್ಯರ್ಥಿಯ ಖರ್ಚಿನ ಮಿತಿ 16 ಲಕ್ಷ. ನಾವು ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ಆದ್ದರಿಂದ ಹೆದರಿಕೆಯೂ ಇರಲಿಲ್ಲ. ಬಿಲ್ಲುಗಳನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟು, ಫಲಿತಾಂಶ ಬಂದ ಮೇಲೆ ಕುಳಿತು ಬರೆದೆ. ನಮ್ಮ ಪುಸ್ತಕದಲ್ಲಿ ಆರು ವಾಹನ, ಅಭ್ಯರ್ಥಿಯ ಖರ್ಚನ್ನು ಚುನಾವಣಾ ಅಧಿಕಾರಿಗಳು ತಾವೇ ನೋಡಿ ಬರೆದಿಡುವ ಶ್ಯಾಡೋ ರಿಜಿಸ್ಟರಿನಲ್ಲಿ ಒಂಬತ್ತು. ಉಳಿದ ಮೂರು ವಾಹನಗಳು ಅಭಿಮಾನಿಗಳವು, ಬಾಡಿಗೆ ಕೊಟ್ಟಿಲ್ಲ ಎಂದು ವಾದಿಸಿದೆ. ಬಾಡಿಗೆ ಕೊಡದಿದ್ದರೂ ಅಭ್ಯರ್ಥಿಯ ಒಪ್ಪಿಗೆಯಿಂದ ಓಡಿದ ವಾಹನಕ್ಕೆ ಅಧಿಕಾರಿಗಳು ಗೊತ್ತುಮಾಡಿದ ದರಪಟ್ಟಿಯ ಪ್ರಕಾರ ಬೆಲೆ ಕಟ್ಟಬೇಕು ಎಂಬುದು ನನಗೆ ಆಗ ತಲೆಗೆ ಹೋಗಿರಲಿಲ್ಲ. ನೋಟಿಸು ಬಂತು. ಲೆಕ್ಕವನ್ನು ಸರಿಯಾಗಿ ಸಲ್ಲಿಸದಿದ್ದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 10ಎ ಕಲಮಿನಡಿ ಮೂರು ವರ್ಷ ಅನರ್ಹತೆ ಎಂದು ಓದಿದ ಮೇಲೆ ಅಭ್ಯರ್ಥಿಯ ಮನೆಯವರು ವಾರವಿಡೀ ನನ್ನೊಡನೆ ಮಾತನಾಡಲಿಲ್ಲ. ತಿದ್ದಿ ಕೊಟ್ಟು ಪಾರಾದೆವು.

2018ರಲ್ಲಿ ಕಂಪ್ಯೂಟರಿಗೆ ಹತ್ತಿದೆ. ಅದೂ ಕೈಕೊಟ್ಟಿತು, ತಪ್ಪು ಮಾತ್ರ ಬೇರೆ. ಏಳು ಜನ ಮುಖಂಡರಿಗೆ ತಲಾ 15 ಸಾವಿರದಂತೆ ಮುಂಗಡ ಹಂಚಿದ್ದೆವು. ಬಿಲ್ಲು ಬಂದದ್ದು ಅರವತ್ತು ಸಾವಿರ ಚಿಲ್ಲರೆಗೆ. ಉಳಿದ ನಲವತ್ತು ಸಾವಿರದ ಸುದ್ದಿಯೇ ಇಲ್ಲ. ಅದರ ಮೇಲೆ ಶಾಮಿಯಾನದವರಿಗೆ ಮೂರು ಕಂತಿನಲ್ಲಿ ನಗದು ಕೊಟ್ಟು, ಒಟ್ಟು 27 ಸಾವಿರ ಆಗಿತ್ತು. ಆಗ ನಗದಿನ ಮಿತಿ 20 ಸಾವಿರ, ಅದೂ ಒಬ್ಬರಿಗೆ ಇಡೀ ಚುನಾವಣೆಗೆ ಸೇರಿಸಿ. ಪ್ರತಿ ಕಂತಿಗೂ ಬೇರೆ ಎಂದು ನಾನು ತಿಳಿದಿದ್ದೆ. ಈಗ ಆ ಮಿತಿ 10 ಸಾವಿರಕ್ಕೆ ಇಳಿದಿದೆ. ಈ ತಪ್ಪು ಮಾಡುವವರು ಈಗಲೂ ಇದ್ದಾರೆ.

ಆದ್ದರಿಂದ 2023ರಲ್ಲಿ ನಾನು ಇಟ್ಟ ಷರತ್ತು ಒಂದೇ: ಚೀಟಿ ಮೊದಲು, ಹಣ ಆಮೇಲೆ. ಯಾರಿಗೂ ಮುಂಗಡವಿಲ್ಲ. ಪೆಟ್ರೋಲ್ ಬಂಕಿನವರಿಗೆ, ಚಹಾದಂಗಡಿಯವರಿಗೆ, ಮೈಕ್ ಸೆಟ್ಟಿನವರಿಗೆ ನನ್ನ ಸಹಿ ಇರುವ ಚೀಟಿ ಹೋಗಬೇಕು. ವಾರಕ್ಕೆರಡು ಸಲ ಬ್ಯಾಂಕ್ ಖಾತೆಯಿಂದ ಪಾವತಿ. ಸಿದ್ದಾಪುರದ ಒಳಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಹಳ್ಳಿಗಳಿಂದ ಬಿಲ್ಲಿನ ಫೋಟೋ ಮರುದಿನ ಮಧ್ಯಾಹ್ನಕ್ಕೆ ಬರುತ್ತಿತ್ತು. ಹಾಗಾಗಿ ಕಾರ್ಬನ್ ಹಾಕಿದ, ಕ್ರಮಸಂಖ್ಯೆ ಇರುವ ಪುಸ್ತಕಗಳನ್ನು ಮಾಡಿಸಿದೆ. ಚೀಟಿಯಲ್ಲಿ ಐದು ಕಾಲಂ. ನಾಲ್ಕು ಎಲ್ಲರೂ ಊಹಿಸಬಹುದಾದವು. ಐದನೆಯದು ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಶ್ಯಾಡೋ ರಿಜಿಸ್ಟರಿನೊಂದಿಗೆ ನನ್ನ ಲೆಕ್ಕ ತಾಳೆಯಾದದ್ದು ಅದರಿಂದ.

ದೇಣಿಗೆಯ ಕಡೆ ಬರುತ್ತೇನೆ. ಚುನಾವಣೆಯ ಖರ್ಚಿಗೆಂದೇ ಇಡಬೇಕಾದ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮೊದಲು ತೆರೆದರೂ ನಡೆಯುತ್ತದೆ. ನಾವು ಮೂರು ವಾರ ಮೊದಲೇ ತೆರೆದೆವು, ಏಕೆಂದರೆ ಕ್ಯೂಆರ್ ಫಲಕ ಕೈಗೆ ಬರಲು ದಿನ ಹಿಡಿಯುತ್ತದೆ. ಮೊದಲ ನಾಲ್ಕು ದಿನಕ್ಕೆ ಬಂದದ್ದು ಬರೀ 38 ಸಾವಿರ. ಅಭ್ಯರ್ಥಿಯ ಮುಖ ಸಣ್ಣದಾಯಿತು. ಐದನೆಯ ದಿನ ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರು ಹತ್ತಿಚೀಲ ಹಿಡಿದು ಬಂದರು. ಒಳಗೆ ಎರಡು ಲಕ್ಷ ನಗದು. "ಭಾವ, ರಸೀದಿ ಬೇಡ, ಗೋಡೆಗೆ ಹೆಸರೂ ಬೇಡ. ಗೆದ್ದ ಮೇಲೆ ನೆನಪಿಟ್ಟರೆ ಸಾಕು" ಎಂದರು. 10 ಸಾವಿರಕ್ಕೆ ಮೇಲ್ಪಟ್ಟ ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ. ಆದರೆ ನನ್ನನ್ನು ಚುಚ್ಚಿದ್ದು ಆ ನಿಯಮವಲ್ಲ, "ನೆನಪಿಟ್ಟರೆ ಸಾಕು" ಎಂಬ ಮಾತು. ಶಾಸಕರ ಬಳಿ ಯಾರು ಯಾರ ಪರವಾಗಿ ಮಾತನಾಡಲು ಹೋಗುತ್ತಾರೆ ಎಂಬುದನ್ನು ನೋಂದಾಯಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಇರುವುದು ದೇಣಿಗೆಯ ಪಟ್ಟಿ ಒಂದೇ. ಅದನ್ನೂ ಮುಚ್ಚಿಟ್ಟರೆ ಮತದಾರನಿಗೆ ಉಳಿಯುವುದೇನು? ಚೀಲವನ್ನು ಹಾಗೆಯೇ ವಾಪಸು ಕಳುಹಿಸಿದೆ. ಆ ರಾತ್ರಿ ಕಚೇರಿಯಲ್ಲಿ ಜೋರು ಜಗಳವಾಯಿತು. ಎರಡು ಲಕ್ಷವೆಂದರೆ ನಮಗೆ ಒಂದು ವಾರದ ವಾಹನ ಖರ್ಚು.

ತಿರುವು ಸಿಕ್ಕಿದ್ದು ಬಾಡಿಗೆ ರಿಕ್ಷಾ ಓಡಿಸುವ ಒಬ್ಬರಿಂದ. ಅವರು 101 ರೂಪಾಯಿ ಕೊಟ್ಟಿದ್ದರು. ಮರುದಿನ ಮಗಳನ್ನು ಕರೆತಂದು ಗೋಡೆಯ ಮೇಲಿನ ತಮ್ಮ ಹೆಸರನ್ನು ತೋರಿಸಿದರು. ನಮ್ಮ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಶಾಲೆಗೆ ಕಪಾಟು ಕೊಟ್ಟವರ ಹೆಸರನ್ನು ಕಪಾಟಿನ ಮೇಲೇ ಬರೆಸುತ್ತೇವೆ. ಕೊಟ್ಟದ್ದನ್ನು ಹೇಳಿಕೊಳ್ಳಲು ನಾಚುವ ಜನ ನಾವಲ್ಲ. ಮೊತ್ತದ ಕ್ರಮದಲ್ಲಿದ್ದ ಪಟ್ಟಿಯನ್ನು ಅಂದೇ ಊರಿನ ಕ್ರಮಕ್ಕೆ ಬದಲಿಸಿದೆ. ಒಂದು ಊರಿನಿಂದ ನಾಲ್ಕು ಹೆಸರು ಕಂಡರೆ ಪಕ್ಕದ ಊರಿನವರು ಐದು ಮಾಡುತ್ತಿದ್ದರು. ಎರಡನೆಯ ವಾರದಲ್ಲಿ ದಿನಕ್ಕೆ ನಲವತ್ತು ಸಾವಿರ ದಾಟಿದ ದಿನಗಳೂ ಇದ್ದವು.

ಹೆದರಿದವರೂ ಇದ್ದರು, ಆ ಹೆದರಿಕೆ ಸುಳ್ಳಲ್ಲ. ಗುತ್ತಿಗೆ ಕೆಲಸ ಮಾಡುವ ಇಬ್ಬರು, ಹೆಸರು ಕಂಡರೆ ತಮ್ಮ ಬಿಲ್ಲು ನಿಲ್ಲುತ್ತದೆ ಎಂದರು. ಅವರಿಗೆ, ಕೊಡಬೇಡಿ, ಮತ ಹಾಕಿ ಎಂದೆ.

ಹೆಚ್ಚು ತಲೆ ತಿಂದದ್ದು ಯುಪಿಐ. ಗಂಡ ಹೆಂಡತಿಯ ಫೋನಿನಿಂದ ಕಳುಹಿಸುತ್ತಾನೆ, ಬೆಂಗಳೂರಿನ ಮಗ ಅಪ್ಪನ ಹೆಸರಿನಲ್ಲಿ ಕಳುಹಿಸುತ್ತಾನೆ, ಬ್ಯಾಂಕಿನ ಪಟ್ಟಿಯಲ್ಲಿ ಹೆಸರು ಅರ್ಧಕ್ಕೇ ತುಂಡಾಗಿರುತ್ತದೆ. ಒಬ್ಬ ಹುಡುಗನನ್ನು ಕೂರಿಸಿ ಪ್ರತಿಯೊಬ್ಬರಿಗೂ ಫೋನ್ ಮಾಡಿಸಿದೆ. ಮೂರು ದಿನದೊಳಗೆ ವಿಳಾಸ ಸಿಗದ ಹಣ ಮರಳಿ ಹೋಯಿತು. ಹಾಗೆ ಮರಳಿಸಿದ್ದು ಸುಮಾರು 46 ಸಾವಿರ. ಆಗ ದೊಡ್ಡ ಪಕ್ಷಗಳಿಗೆ ಚುನಾವಣಾ ಬಾಂಡ್ ಮೂಲಕ ಹೆಸರಿಲ್ಲದ ಕೋಟಿಗಳು ಹೋಗುತ್ತಿದ್ದವು, ಪಕ್ಷದ ಖರ್ಚಿಗೆ ಮಿತಿಯೂ ಇಲ್ಲ. ನಾವು ನೂರು ರೂಪಾಯಿಗೆ ವಿಳಾಸ ಹುಡುಕುತ್ತಿದ್ದೆವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಬಾಂಡ್ ಯೋಜನೆಯನ್ನು ರದ್ದುಗೊಳಿಸಿದಾಗ ಆ ಹುಡುಗನೇ ಮೊದಲು ನನಗೆ ಫೋನ್ ಮಾಡಿದ.

ನಡುವೆ ಹೊನ್ನಾವರದ ಗೆಳೆಯರೊಬ್ಬರ ಅಭ್ಯರ್ಥಿಗೂ ಇದೇ ಚೀಟಿ ಪುಸ್ತಕ ಕೊಟ್ಟು ನೋಡಿದೆ. ಅಲ್ಲಿ ಶರಾವತಿಯ ಅಳಿವೆಯಲ್ಲಿ ದೋಣಿಗೆ ಬಾವುಟ ಕಟ್ಟಿ ಪ್ರಚಾರ. ದರಪಟ್ಟಿಯಲ್ಲಿ ಜೀಪು, ರಿಕ್ಷಾ, ಕುರ್ಚಿ, ಊಟ ಎಲ್ಲವೂ ಸಿಕ್ಕವು, ದೋಣಿ ಸಿಗಲಿಲ್ಲ. ಊಹೆಯ ಬೆಲೆ ಹಾಕುವುದು ಬೇಡ, ದರ ತಿಳಿಸಿ ಎಂದು ಬರವಣಿಗೆಯಲ್ಲಿ ಕೇಳಿ ಸ್ವೀಕೃತಿ ತೆಗೆದುಕೊಳ್ಳಿ ಎಂದೆ. ಪರಿಶೀಲನೆಯ ದಿನ ಆ ಸ್ವೀಕೃತಿಯೇ ಅವರನ್ನು ಕಾಪಾಡಿತು. ಗೋಡೆಯ ಪಟ್ಟಿ ಮಾತ್ರ ಅಲ್ಲಿ ನಡೆಯಲಿಲ್ಲ. ಬಂದರಿನ ವ್ಯವಹಾರದಲ್ಲಿ ಯಾರಿಗೆ ಯಾರ ಸಾಲವಿದೆ ಎಂಬ ಲೆಕ್ಕ ಬೇರೆಯೇ ಇರುತ್ತದೆ. ಎರಡು ದಿನಕ್ಕೆ ತೆಗೆದರು.

ಮತದಾನಕ್ಕೆ ಮೊದಲಿನ ಮೂರು ತಪಾಸಣೆಗಳಲ್ಲಿ ಒಂದರಲ್ಲಿ ಮಾತ್ರ ಎಡವಿದೆ. ನಾಮಪತ್ರಕ್ಕೆ ಮೊದಲೇ ಮುದ್ರಿಸಿದ ಕರಪತ್ರಗಳನ್ನು ಬಿಟ್ಟಿದ್ದೆ. ಹಂಚಿದ್ದು ನಾಮಪತ್ರದ ನಂತರವಾದ್ದರಿಂದ ಅದೂ ಲೆಕ್ಕಕ್ಕೆ ಬರುತ್ತದೆ. ಒಂಬತ್ತು ಸಾವಿರ ಸೇರಿಸಿದೆ.

ಮೇ 13ಕ್ಕೆ ಫಲಿತಾಂಶ. ಸೋತೆವು, 10 ಸಾವಿರದ ಠೇವಣಿಯೂ ಹೋಯಿತು. ಲೆಕ್ಕ ತಾಳೆ ನೋಡುವ ಸಭೆಗೆ ಜೂನ್ ಮೊದಲ ವಾರ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋದೆ. ಆ ವರ್ಷ ಮಳೆ ತಡ, ಬಸ್ಸಿನಲ್ಲಿ ಬೆವರು ಸುರಿಯುತ್ತಿತ್ತು. 40 ಲಕ್ಷದ ಮಿತಿಯಲ್ಲಿ ನಮ್ಮದು ಹನ್ನೊಂದು ಲಕ್ಷದ ಹತ್ತಿರ. ಅಧಿಕಾರಿಗಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ವ್ಯತ್ಯಾಸ 1,850 ರೂಪಾಯಿ. ಒಂದು ಸಭೆಯ ಕುರ್ಚಿಗಳ ಎಣಿಕೆಯದು. ಅವರ ಬಳಿ ವಿಡಿಯೋ ಇತ್ತು, ನೋಡಿ ಒಪ್ಪಿಕೊಂಡು ಸಹಿ ಹಾಕಿದೆ. ಪಕ್ಕದ ಮೇಜಿನಲ್ಲಿ ಲಕ್ಷಗಳ ವ್ಯತ್ಯಾಸಕ್ಕೆ ಉತ್ತರ ಹುಡುಕುತ್ತಿದ್ದವರನ್ನು ನೋಡಿದಾಗ ನನ್ನ ಚೀಟಿ ಪುಸ್ತಕದ ಮೇಲೆ ಹೆಮ್ಮೆಯಾಯಿತು.

ಸಲ್ಲಿಸಿದ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಮ್ಮದನ್ನೂ ನೋಡಿ, ಬೇರೆಯವರದನ್ನೂ ನೋಡಿ. ಕುಮಟಾದ ಆ ಹಿರಿಯರು ಈಗ ನನ್ನಿಂದ ಚೀಟಿ ಪುಸ್ತಕದ ಮಾದರಿ ತರಿಸಿಕೊಂಡಿದ್ದಾರೆ, ನಾಲ್ಕು ಕಾಲಮಿನದು. ಮುಂದಿನ ಸಲಕ್ಕೆ ಮೂವತ್ತು ಪುಸ್ತಕ ಬೇಕು; ಒಂದಕ್ಕೆ 85 ರೂಪಾಯಿಯಂತೆ ಮುದ್ರಣಾಲಯದವರೊಂದಿಗೆ ಮಾತಾಗಿದೆ.