ಹಾಲಿನ ಕವರಿನ ಕೋನು, ಬಿಳಿ ಟೀ ಶರ್ಟು, ಮಕ್ಕಳ ಬಣ್ಣ

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಿಷನ್ನು. ದಿನಾ ಬೆಳಗಾದರೆ ಬ್ಲೌಸು, ಫಾಲ್ಸು, ಜಿಗ್‌ಜಾಗು. ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಇಬ್ಬರು ಮಕ್ಕಳು ಬಂದಿದ್ದರು. ಅವರ ಜೊತೆ ನನ್ನ ಮಗಳು, ಮೇಲಿನ ಮನೆಯ ಹುಡುಗ. ನಾಲ್ಕೂ ಸೇರಿ ಬಾಬಿನ್ ಬಿಚ್ಚುವುದು, ಚಾಕ್ ಪುಡಿ ಮಾಡುವುದು, ಕತ್ತರಿ ಎತ್ತಿಕೊಂಡು ಓಡುವುದು. ಇವರನ್ನು ಒಂದು ಕಡೆ ಕೂರಿಸಬೇಕಲ್ಲ ಅಂತ ಶುರು ಮಾಡಿದ್ದು ಇದು. ಬಿಳಿ ಟೀ ಶರ್ಟಿನ ಮೇಲೆ ನಾನು ಕಪ್ಪು ಗೆರೆಯಲ್ಲಿ ಚಿತ್ರ ಬರೆದು ಕೊಡುತ್ತೇನೆ, ಬಣ್ಣ ಅವರು ತುಂಬುತ್ತಾರೆ, ಒಣಗಿದ ಮೇಲೆ ಅದನ್ನೇ ಹಾಕಿಕೊಂಡು ತಿರುಗುತ್ತಾರೆ. ಆಮೇಲೆ ಮಗಳ ಹುಟ್ಟುಹಬ್ಬಕ್ಕೆ 9 ಮಕ್ಕಳಿಗೆ ಮಾಡಿದೆ. ಇಲ್ಲಿಯವರೆಗೆ ಇಪ್ಪತ್ತಕ್ಕೂ ಜಾಸ್ತಿ ಆಗಿರಬಹುದು. ಅದರಲ್ಲಿ ಐದಾರು ಕೆಟ್ಟಿವೆ. ಕೆಟ್ಟಿದ್ದನ್ನೂ ಹೇಳುತ್ತೇನೆ, ನಿಮಗೆ ದುಡ್ಡು ಉಳಿಯುತ್ತೆ.

ಮೊದಲು ಬಟ್ಟೆ. ಪೂರ್ತಿ ಕಾಟನ್ನೇ ಆಗಬೇಕು. ಪಾಲಿಯೆಸ್ಟರ್ ಜಾಸ್ತಿ ಇದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಒಗೆದ ಹಾಗೆಲ್ಲ ಬಿಡುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಎಲ್ಲವೂ 'ಪ್ಯೂರ್ ಕಾಟನ್ನೇ ಅಕ್ಕ'. ಸರಿ ಅಂತ ಒಂದು ತನ್ನಿ. ಮನೆಯಲ್ಲಿ ಒಳಗಿನ ಅಂಚಿನಿಂದ ಚೂರು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿ ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿ. ಪಾಲಿಯೆಸ್ಟರ್ ಆದರೆ ಮುದುಡಿಕೊಂಡು ಕರಗಿ ಗಟ್ಟಿ ಮಣಿ ಆಗುತ್ತೆ. ಒಂದು ವಿಷಯ, ಕೀಳುವುದು ಬಟ್ಟೆಯ ಎಳೆ ಆಗಿರಬೇಕು, ಹೊಲಿಗೆ ದಾರ ಅಲ್ಲ. ಕಾಟನ್ ಬಟ್ಟೆಗೂ ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಲ್ಲೇ ಹೊಲಿದಿರುತ್ತಾರೆ. ಅದನ್ನು ಸುಟ್ಟು ನೋಡಿ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನಾನು ಹೋಗಿದ್ದೆ.

ನೀನೇ ಟೈಲರ್, ನೀನೇ ಹೊಲಿಯಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಎರಡು ಹೊಲಿದು ನೋಡಿದೆ. ಬನಿಯನ್ ಬಟ್ಟೆಗೆ ಮಾಮೂಲಿ ಸೂಜಿ ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ, ಅದಕ್ಕೆ ತುದಿ ಗುಂಡಗಿರುವ ಬಾಲ್ ಪಾಯಿಂಟ್ ಸೂಜಿ ಬೇಕು. ಸೂಜಿ ಸಿಕ್ಕಿತು, ಕುತ್ತಿಗೆ ಪಟ್ಟಿ ಕೂರಲಿಲ್ಲ. ಕರಿದ ಹಪ್ಪಳದ ಅಂಚಿನ ಹಾಗೆ ಅಲೆ ಅಲೆಯಾಗಿ ನಿಂತಿತು. ಎಂ.ಜಿ. ರಸ್ತೆಯ ಹೊಸೈರಿ ಅಂಗಡಿಗಳಲ್ಲಿ ತಿರುಪ್ಪೂರಿನ ಬಿಳಿ ರೌಂಡ್ ನೆಕ್ ಸಿಗುತ್ತವೆ. ಸುಮ್ನೆ ಅದನ್ನೇ ತನ್ನಿ, ಮಗುವಿನ ಅಳತೆಗಿಂತ ಒಂದು ನಂಬರ್ ದೊಡ್ಡದು. ಬಣ್ಣ ಹಾಕುವ ಮೊದಲು ಒಂದು ಸಲ ಸೋಪಿನಲ್ಲಿ ಒಗೆಯಿರಿ. ಹೊಸ ಬಟ್ಟೆಯ ಗಂಜಿ ಹೋಗಬೇಕು, ಇಲ್ಲದಿದ್ದರೆ ಬಣ್ಣ ಗಂಜಿಗೆ ಅಂಟುತ್ತದೆಯೇ ಹೊರತು ಬಟ್ಟೆಗೆ ಅಲ್ಲ. ಕುಗ್ಗುವುದೂ ಆಗಲೇ ಕುಗ್ಗಿಬಿಡುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಬೇಡ. ಒಣಗಿದ ಮೇಲೆ ಇಸ್ತ್ರಿ.

ಯಾವ ಚಿತ್ರ ಅನ್ನುವುದರಲ್ಲಿ ಅರ್ಧ ಕೆಲಸ ಇದೆ. ಕಾಗದದ ಮೇಲೆ ಬಣ್ಣ ತುಂಬುವ ಚಿತ್ರ ಬಟ್ಟೆಗೆ ಆಗಿಬರುವುದಿಲ್ಲ. ಬಟ್ಟೆಯ ಮೇಲೆ ಬ್ರಶ್ಶು ಜಾರುವುದಿಲ್ಲ, ತಡೆಯುತ್ತದೆ. ಗೆರೆಗಳ ನಡುವಿನ ಜಾಗಕ್ಕೆ ನಾನು ಮನೆ ಅಂತೀನಿ. ಐದಾರು ವರ್ಷದ ಮಗುವಿಗೆ ಅತಿ ಸಣ್ಣ ಮನೆ ಅಂದರೂ ರೂಪಾಯಿ ನಾಣ್ಯಕ್ಕಿಂತ ದೊಡ್ಡದಿರಬೇಕು. ನಾನು ಮೊದಲು ಮಾಡಿದ್ದು ಕೃಷ್ಣಮೃಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಹಿಂಡು ನೋಡಿಕೊಂಡು ಬಂದಿದ್ದೆವು, ಆ ಉತ್ಸಾಹ. ಕೊಂಬಿನ ಸುರುಳಿ ಒಂದೊಂದನ್ನೂ ಬಿಡಿಸಿದೆ, ನನಗೇ ಹೆಮ್ಮೆ. ಅಕ್ಕನ ಚಿಕ್ಕ ಮಗ ನೋಡಿದ. "ಚಿಕ್ಕಮ್ಮ, ಇದು ಕಪ್ಪು, ಬಿಳಿ. ನಾನೇನು ಬಣ್ಣ ಹಾಕ್ಲಿ?" ಅಂದ. ಸರಿಯಾಗೇ ಕೇಳಿದ.

ಈಗ ನನ್ನ ಕೈಗೆ ಒಗ್ಗಿರುವುದು ಮೂರು. ಒಂದು, ಕಾಡುಪಾಪ. ನಮ್ಮ ಜಿಲ್ಲೆಯ ನಾಗವಲ್ಲಿ ಕಡೆ ಇರುವ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ಮಗಳ ಎರಡು ಬಳೆ ಪಕ್ಕ ಪಕ್ಕ ಇಟ್ಟು ಸುತ್ತ ಗೆರೆ ಎಳೆದರೆ ಕಣ್ಣಾಯಿತು, ಉಳಿದಿದ್ದೆಲ್ಲ ಸುಲಭ. ಎರಡು, ಹೆಚ್ಚಿದ ಹಲಸಿನ ಹಣ್ಣು. ಹೊರಗೆ ಹಸಿರು, ಒಳಗೆ ತೊಳೆ ತೊಳೆಗೂ ಒಂದೊಂದು ಮನೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ತಿಂದ ಮಕ್ಕಳು ತೊಳೆಗೆ ಕೆಂಪೇ ಹಾಕುತ್ತಾರೆ, ಉಳಿದವರು ಹಳದಿ. ಮೂರು, ಮಧುಗಿರಿ ಬೆಟ್ಟ. ಒಂದೇ ಬಂಡೆ, ಮೇಲೆ ಕೋಟೆ, ಹಿಂದೆ ಸೂರ್ಯ. ಮೂರು ವರ್ಷದ ಮಗುವೂ ತುಂಬಬಹುದು. ನವಿಲು ಮಾತ್ರ ಬೇಡ. ಎಲ್ಲರೂ ನವಿಲೇ ಕೇಳುತ್ತಾರೆ, ಯಾರೂ ಗರಿ ಮುಗಿಸುವುದಿಲ್ಲ.

ಚಿತ್ರವನ್ನು ಬಿಳಿ ಕಾಗದದ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಳ್ಳಿ. ಟೀ ಶರ್ಟಿನ ಒಳಗೆ ಆ ಕಾಗದ ಇಟ್ಟು ಹಗಲು ಹೊತ್ತು ಕಿಟಕಿ ಗಾಜಿಗೆ ಟೇಪಿನಿಂದ ಅಂಟಿಸಿ. ಗೆರೆ ಬಟ್ಟೆಯ ಮೂಲಕ ಕಾಣುತ್ತದೆ. ಅದರ ಮೇಲೆ ಟೈಲರ್ ಮಾರ್ಕಿಂಗ್ ಚಾಕ್‌ನ ಚೂಪು ಅಂಚಿನಿಂದ ತೆಳ್ಳಗೆ ಎಳೆಯಿರಿ. ಬಿಳಿ ಬಟ್ಟೆಗೆ ನೀಲಿ ಚಾಕ್ ಸಾಕು. ಕಪ್ಪು ಕಾರ್ಬನ್ ಪೇಪರ್ ಬಳಸಬೇಡಿ, ಅಂಗೈ ಊರಿದ ಕಡೆಯೆಲ್ಲ ಬೂದು ಕಲೆ ಬೀಳುತ್ತೆ, ಹೋಗುವುದಿಲ್ಲ. ಬಟ್ಟೆ ಎಳೆದು ಹಿಗ್ಗಿಸಿ ಬರೆಯಲೂ ಬಾರದು. ಬಿಟ್ಟ ಮೇಲೆ ಕುಗ್ಗಿ ಸೂರ್ಯ ಮೊಟ್ಟೆ ಆಗುತ್ತಾನೆ.

ಈಗ ಕಪ್ಪು ಗೆರೆ. ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಬಹುದು. ಆದರೆ ಬನಿಯನ್ ಬಟ್ಟೆಯಲ್ಲಿ ಪೆನ್ನು ಒಂದು ಗಳಿಗೆ ನಿಂತರೂ ಅಲ್ಲೇ ಶಾಯಿ ಹರಡಿ ಜೇಡದ ಕಾಲು ಮೂಡುತ್ತೆ. ನನಗೆ ಇಷ್ಟ ಕೋನು. ಮೆಹೆಂದಿ ಕೋನಿನದೇ ಉಪಾಯ. ನಂದಿನಿ ಹಾಲಿನ ಕವರನ್ನು ಸೋಪು ಹಾಕಿ ತೊಳೆದು ಒಣಗಿಸಿ. ಜಿಡ್ಡು ಇದ್ದರೆ ಟೇಪು ಕೂರುವುದಿಲ್ಲ. ಕವರ್ ಬಿಚ್ಚಿ ಸುಮಾರು 6 ಇಂಚಿನ ಚೌಕ ಕತ್ತರಿಸಿ. ಒಂದು ಮೂಲೆ ಹಿಡಿದು ಕಡ್ಲೆಕಾಯಿ ಪೊಟ್ಟಣದ ಹಾಗೆ ಬಿಗಿಯಾಗಿ ಸುತ್ತಿ, ತುದಿ ಪೂರ್ತಿ ಮುಚ್ಚಿರಬೇಕು, ಪಕ್ಕಕ್ಕೆ ಟೇಪು. ಒಳಗೆ ಕಪ್ಪು ಫ್ಯಾಬ್ರಿಕ್ ಬಣ್ಣ ಎರಡು ಟೀ ಚಮಚ. ಅರ್ಧಕ್ಕಿಂತ ಜಾಸ್ತಿ ತುಂಬಿದರೆ ಹಿಂದಿನಿಂದ ಉಕ್ಕಿ ಅಂಗೈಗೆ ಬರುತ್ತೆ. ಬಣ್ಣಕ್ಕೆ ಒಂದು ಹನಿ ನೀರೂ ಬೇಡ. ಬಾಯಿ ಮಡಚಿ ಮಡಚಿ ತಂದು ಟೇಪು ಹಾಕಿ. ಆಮೇಲೆ ಗುಂಡುಪಿನ್ನಿನಿಂದ ತುದಿಗೆ ಒಂದೇ ಒಂದು ತೂತು. ಕತ್ತರಿ ತಗೋಬೇಡಿ, ಕತ್ತರಿಸಿದ ತೂತು ಯಾವಾಗಲೂ ದೊಡ್ಡದಾಗುತ್ತೆ.

ಟೀ ಶರ್ಟಿನ ಒಳಗೆ ರಟ್ಟು ಇಡಿ, ಇಲ್ಲದಿದ್ದರೆ ಬಣ್ಣ ಬೆನ್ನಿನ ಕಡೆಗೂ ಇಳಿಯುತ್ತೆ. ಹಳೇ ಮದುವೆ ಪತ್ರಿಕೆ ಸಣ್ಣದಾಗುತ್ತೆ, ಮಿಕ್ಸಿ ಬಂದ ಡಬ್ಬದ ರಟ್ಟು ಸರಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಕವರ್. ಮೊದಲು ಪೇಪರಿನ ಮೇಲೆ ನಾಲ್ಕು ಗೆರೆ ಎಳೆದು ಕೈ ಪಳಗಿಸಿಕೊಳ್ಳಿ. ರಂಗೋಲಿ ಹಾಕುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಒತ್ತುವುದು ಹೆಬ್ಬೆರಳು, ನಡೆಸುವುದು ಮೊಣಕೈ. ಕೋನಿನ ತುದಿಯಿಂದ ಬಟ್ಟೆ ಗೀರಬೇಡಿ, ತುದಿ ಬಟ್ಟೆಗೆ ತಾಕಿಯೂ ತಾಕದ ಹಾಗೆ ಇರಲಿ, ದಾರದಂತೆ ಬಣ್ಣ ಬೀಳಲಿ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಬನ್ನಿ, ಹಸಿ ಗೆರೆಗೆ ಕೈ ಉಜ್ಜುವುದಿಲ್ಲ. ಒಂದು ಗೆರೆ ಇನ್ನೊಂದಕ್ಕೆ ಸೇರುವ ಕಡೆ ಸಂದು ಬಿಡಬೇಡಿ. ಗದ್ದೆಗೆ ಬದು ಇದ್ದ ಹಾಗೆ ಇದು. ಒಂದು ಕಡೆ ಒಡೆದಿದ್ದರೆ ಆಮೇಲೆ ಮಗು ಹಾಕುವ ಹಸಿರು ಪಕ್ಕದ ಹಳದಿಗೆ ನುಗ್ಗುತ್ತೆ. ಉಬ್ಬಿದ ಗೆರೆ ಇದ್ದರೆ ಬ್ರಶ್ಶು ಅಲ್ಲಿಗೆ ಬಂದು ತಾನೇ ನಿಲ್ಲುತ್ತದೆ. ಸಣ್ಣ ಮಕ್ಕಳು ಕಣ್ಣಿಗಿಂತ ಬೆರಳಿನಿಂದಲೇ ಗಡಿ ಕಂಡುಕೊಳ್ಳುತ್ತಾರೆ. ಮಾರ್ಕರಿನ ಚಪ್ಪಟೆ ಗೆರೆಯಲ್ಲಿ ಇದು ಸಿಗುವುದಿಲ್ಲ.

ರಾತ್ರಿಯಿಡೀ ಒಣಗಲಿ. ಮಾರನೇ ದಿನ ಮಗುಚಿ, ಒಳಮೈ ಕಡೆಯಿಂದ ಇಸ್ತ್ರಿ ಮಾಡಿ. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಬಣ್ಣಕ್ಕೆ ಫ್ಯಾಬ್ರಿಕ್ ಬಣ್ಣದ ಸಣ್ಣ ಸೀಸೆಗಳು ಸಾಕು. ಕೆಂಪು, ಹಳದಿ, ನೀಲಿ, ಹಸಿರು, ಕಂದು, ಬಿಳಿ. 15 ಮಿ.ಲೀ. ಸೀಸೆ ಒಂದೊಂದಿದ್ದರೆ ನಾಲ್ಕೈದು ಟೀ ಶರ್ಟು ಆರಾಮಾಗಿ ಆಗುತ್ತವೆ. ಸೀಸೆ ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ನಮ್ಮದು ತಟ್ಟೆ ಇಡ್ಲಿ ಊರು, ಗುಂಡು ಇಡ್ಲಿ ತಟ್ಟೆ ಅಟ್ಟದ ಮೇಲೆ ಬಿದ್ದಿತ್ತು. ಅದರ ಒಂದೊಂದು ಗುಳಿಗೆ ಒಂದೊಂದು ಬಣ್ಣ, ಕಾಲು ಚಮಚದಷ್ಟು. ಅತ್ತೆ ಇನ್ನೂ ಆ ತಟ್ಟೆ ಹುಡುಕುತ್ತಿದ್ದಾರೆ, ಮತ್ತೆ ಅಡುಗೆಗೆ ಬಳಸುವ ಹಾಗಿಲ್ಲ. ಬ್ರಶ್ಶು ಗಿಡ್ಡ ಕೂದಲಿನ ಚಪ್ಪಟೆಯದು ಇರಲಿ. ನೀರಿನಲ್ಲಿ ಅದ್ದಿದ ಬ್ರಶ್ಶನ್ನು ಚಿಂದಿ ಬಟ್ಟೆಗೆ ಒರೆಸಿಯೇ ಬಣ್ಣಕ್ಕೆ ಇಡಬೇಕು. ಮಕ್ಕಳಿಗೆ ಈ ಒಂದು ನಿಯಮ ಸಾಕು. ಬ್ರಶ್ಶಿನಲ್ಲಿ ನೀರು ಉಳಿದರೆ ಬದು ದಾಟಿ ಬಣ್ಣ ಒಸರುತ್ತದೆ. ಹಳೇ ಬಟ್ಟೆ ಹಾಕಿಸಿ ಕೂರಿಸಿ. ಈ ಬಣ್ಣ ಹಸಿ ಇದ್ದಾಗ ನೀರಿಗೆ ಹೋಗುತ್ತದೆ, ಒಣಗಿತು ಅಂದರೆ ಹೋಗುವುದಿಲ್ಲ. ನಮ್ಮ ದಿವಾನದ ಹೊದಿಕೆಯ ಮೇಲೆ ಒಂದು ನೀಲಿ ಹೆಬ್ಬೆರಳು ಈಗಲೂ ಇದೆ.

ಮತ್ತೆ ನೀವು ಸುಮ್ನೆ ಇರಬೇಕು. ಇದು ನನಗೆ ಕೋನಿಗಿಂತ ಕಷ್ಟ ಆಯಿತು. ಮಗಳು ಕಾಡುಪಾಪಕ್ಕೆ ಮೈತುಂಬ ಹಸಿರು ಬಳಿಯುತ್ತಿದ್ದಳು. ಕಂದು ಬಣ್ಣದ ಗುಳಿಯನ್ನು ನಾನು ಮೆಲ್ಲಗೆ ಅವಳ ಕಡೆ ತಳ್ಳಿದೆ. ಅವಳು ನೋಡದೆ ವಾಪಸ್ಸು ತಳ್ಳಿದಳು. ಅತ್ತೆ ಬಂದು, "ಇದೇನೇ, ಕಾಡುಪಾಪನಾ, ಕಪ್ಪೆನಾ?" ಅಂದರು. "ಎಲೆ ಒಳಗೆ ಬಚ್ಚಿಟ್ಕೊಂಡಿದೆ ಅಜ್ಜಿ, ಅದಕ್ಕೆ" ಅಂದಳು. ಅತ್ತೆ ಕನ್ನಡಕ ತಂದು ಪಕ್ಕದಲ್ಲೇ ಕೂತರು.

ಬಣ್ಣ ಒಂದು ದಿನ ಒಣಗಿದ ಮೇಲೆ ಮತ್ತೆ ಮಗುಚಿ, ಕೆಳಗೊಂದು ಹಳೇ ಬಟ್ಟೆ ಹಾಸಿ, ಕಾಟನ್ ನಂಬರಿನ ಬಿಸಿಯಲ್ಲಿ ಇಸ್ತ್ರಿ. ನೀರು ಚಿಮುಕಿಸಬೇಡಿ. ಪೆಟ್ಟಿಗೆ ಒಂದೇ ಕಡೆ ನಿಲ್ಲದಂತೆ ಮೂರು ನಾಲ್ಕು ನಿಮಿಷ ಓಡಿಸುತ್ತಾ ಇರಿ. ಆಮೇಲೂ ಮೂರು ದಿನ ಒಗೆಯಬೇಡಿ. ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರು, ಕೈಯಲ್ಲಿ ಹಿಸುಕುವುದು ಅಷ್ಟೆ, ನೆರಳಲ್ಲಿ ಒಣಗಿಸುವುದು. ಮೊದಮೊದಲು ಮಾಡಿದ ಒಂದು ಟೀ ಶರ್ಟನ್ನು ಅತ್ತೆ ಅಭ್ಯಾಸಬಲದಿಂದ ಒಗೆಯುವ ಕಲ್ಲಿಗೆ ನಾಲ್ಕು ಸಲ ಬಡಿದರು. ಬಂಡೆ ಬಿರುಕು ಬಿಟ್ಟಿತು. ಅಂದರೆ ಮಧುಗಿರಿ ಬೆಟ್ಟ.

ಒಗೆದು ಮತ್ತೆ ಮತ್ತೆ ಬಣ್ಣ ತುಂಬುವಂಥದ್ದೂ ಮಾಡಬಹುದು. ಕಪ್ಪು ಗೆರೆ ಇದೇ ರೀತಿ, ಇಸ್ತ್ರಿ ಮಾಡಿ ಗಟ್ಟಿ ಮಾಡಿದ್ದು. ಬಣ್ಣಕ್ಕೆ ಮಾತ್ರ ಪೊಟ್ಟಣದ ಮೇಲೆ ವಾಷಬಲ್ ಅಂತ ಬರೆದಿರುವ ಸ್ಕೆಚ್ ಪೆನ್ನು. ಸಂಜೆ ಒಗೆದರೆ ಬಣ್ಣ ಹೋಗಿ ಗೆರೆ ಉಳಿಯುತ್ತದೆ, ನಾಳೆ ಹೊಸದು. ನಾನು ಮೊದಲು ಮಗಳ ಬ್ಯಾಗಿನಲ್ಲಿದ್ದ ಮಾಮೂಲಿ ಸ್ಕೆಚ್ ಪೆನ್ನು ಕೊಟ್ಟುಬಿಟ್ಟೆ. ಎಲ್ಲ ಹೋಯಿತು, ಕೆಂಪು ಮತ್ತು ನೇರಳೆ ಹೋಗಲಿಲ್ಲ, ಇಡೀ ಟೀ ಶರ್ಟು ಗುಲಾಬಿ. ಅದಕ್ಕೇ ಬೇರೆ ಕಾಟನ್ ಚೂರಿನ ಮೇಲೆ ಪ್ರತಿ ಬಣ್ಣವನ್ನೂ ಗೀಚಿ ಒಗೆದು ನೋಡಿ. ಒಗೆಯುವ ಮೊದಲು ಇಸ್ತ್ರಿ ಮುಟ್ಟಿಸಬೇಡಿ, ಬಿಸಿಗೆ ಕಲೆ ಕೂತುಬಿಡಬಹುದು. ಬೆವರಿಗೂ ಈ ಬಣ್ಣ ಬಿಡುತ್ತದೆ, ಮನೆಯಲ್ಲಿ ಆಡಲಿಕ್ಕೆ ಮಾತ್ರ.

ಬ್ರಶ್ಶು ಹಿಡಿಯಲು ಬಾರದ ಪುಟ್ಟ ಮಕ್ಕಳಿಗೆ ಮೇಣದ ಕ್ರೇಯಾನ್ ಇದೆ. ಸ್ಯಾಂಡ್ ಪೇಪರ್ ಮೇಲೆ ಒತ್ತಿ ಒತ್ತಿ ಬಣ್ಣ ಹಾಕಿಸಿ, ಅದನ್ನು ಟೀ ಶರ್ಟಿನ ಮೇಲೆ ಬೋರಲು ಹಾಕಿ, ಹಿಂದಿನಿಂದ ನೀವು ಬಿಸಿ ಇಸ್ತ್ರಿ ಒತ್ತಿ. ಮೇಣ ಕರಗಿ ಚುಕ್ಕಿ ಚುಕ್ಕಿಯಾಗಿ ಚಿತ್ರ ಇಳಿಯುತ್ತೆ. ಆಮೇಲೆ ಮೇಲೊಂದು ಬಿಳಿ ಕಾಗದ ಇಟ್ಟು ಇಸ್ತ್ರಿ ಮಾಡಿದರೆ ಹೆಚ್ಚಿನ ಮೇಣವನ್ನು ಕಾಗದ ಹೀರಿಕೊಳ್ಳುತ್ತದೆ. ಬಣ್ಣ ನಿಧಾನವಾಗಿ ಮಾಸುತ್ತದೆ, ಅದು ಇದ್ದದ್ದೇ. ಅಕ್ಷರ ಬರೆಸಬೇಡಿ, ಉಲ್ಟಾ ಬೀಳುತ್ತದೆ. ಮೇಲಿನ ಮನೆಯ ಹುಡುಗ ತನ್ನ ಹೆಸರು ಬರೆದು ಒತ್ತಿಸಿಕೊಂಡ. ಈಗ ಆ ಟೀ ಶರ್ಟು ಹಾಕಿಕೊಂಡರೆ ಕನ್ನಡಿ ಮುಂದೆಯೇ ನಿಂತಿರುತ್ತಾನೆ.

ಕೋನಿನಲ್ಲಿ ಕಪ್ಪು ಉಳಿದಿದ್ದರೆ ತುದಿಯ ತೂತಿಗೆ ಅದೇ ಗುಂಡುಪಿನ್ನು ಚುಚ್ಚಿ, ಗಾಳಿ ಆಡದ ಡಬ್ಬಿಯಲ್ಲಿ ಮುಚ್ಚಿಡಿ. ನನ್ನದು ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಪಿನ್ನೇ ಈಚೆ ಬರಲಿಲ್ಲ.