ಮೈಲುತುತ್ತದಿಂದ ಕರೆಂಟ್: ನನ್ನ ಅನುಭವ

ಶಿರಸಿ ಕಡೆ ಅಡಿಕೆ ತೋಟ ಇದ್ದ ಮನೆಯಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದ್ದೇ ಇರುತ್ತದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ. ಹತ್ತನೇ ಕ್ಲಾಸಿಗೆ ಪಾಠ ಮಾಡುವಾಗ ಅದನ್ನೇ ಒಯ್ದೆ. ಗಾಜಿನ ಲೋಟದಲ್ಲಿ ಕರಗಿಸಿ ಸತುವಿನ (ಜಿಂಕ್) ತಗಡು ಇಳಿಬಿಟ್ಟೆ. ನೋಡುತ್ತಿದ್ದ ಹಾಗೇ ತಗಡಿಗೆ ಬೂಷ್ಟು ಹಿಡಿದಂತೆ ಕಪ್ಪು-ಕಂದು ತಾಮ್ರ ಅಂಟಿತು. ಸ್ವಲ್ಪ ಹೊತ್ತಿಗೆ ನೀಲಿ ಬಣ್ಣ ತೆಳುವಾಯಿತು, ಲೋಟ ಬೆಚ್ಚಗಾಯಿತು. ಸತು ಎರಡು ಎಲೆಕ್ಟ್ರಾನ್ ಬಿಟ್ಟುಕೊಡುವುದು ಉತ್ಕರ್ಷಣ, ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಕಣ) ಅವನ್ನು ತಗೊಳ್ಳುವುದು ಅಪಕರ್ಷಣ ಅಂತ ಹೇಳಿದೆ.

ಒಬ್ಬಳು ಹುಡುಗಿ ಎದ್ದು ನಿಂತಳು. "ಅಕ್ಕೋರೆ, ಎಲೆಕ್ಟ್ರಾನ್ ಹೋದ್ರೆ ಅದು ಕರೆಂಟ್ ಅಲ್ವಾ? ಮತ್ತೆ ಬಲ್ಬ್ ಯಾಕೆ ಹತ್ತೂದಿಲ್ಲ?"

ಇಡೀ ಪಾಠದ ತಿರುಳೇ ಈ ಪ್ರಶ್ನೆ. ಕೊಡುವವರು, ತಗೊಳ್ಳುವವರು ಒಂದೇ ಲೋಟದಲ್ಲಿದ್ದರೆ ಎಲೆಕ್ಟ್ರಾನ್ ತಗಡಿನ ಮೈಮೇಲೇ ಕೈ ಬದಲಾಯಿಸುತ್ತದೆ. ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ನಡುವೆ ತಂತಿ ಎಳೆದರೆ ಎಲೆಕ್ಟ್ರಾನ್ ತಂತಿಯಲ್ಲೇ ಬರಬೇಕು. 1836ರಲ್ಲಿ ಜಾನ್ ಫ್ರೆಡರಿಕ್ ಡೇನಿಯಲ್ ಮಾಡಿದ ಸೆಲ್ ನಡೆಯುವುದು ಹೀಗೆಯೇ. ನಾವೂ ಅದನ್ನೇ ಕಟ್ಟಿದೆವು.

ಪುಡಿಗಳೆಲ್ಲ ಗೊಬ್ಬರದ ಅಂಗಡಿಯವು. 100 ಮಿ.ಲೀ. ನೀರಿಗೆ 25 ಗ್ರಾಂ ಮೈಲುತುತ್ತ ಒಂದು ಲೋಟಕ್ಕೆ. ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ 29 ಗ್ರಾಂ ಇನ್ನೊಂದಕ್ಕೆ. ಚೀಲದ ಮೇಲೆ ಸತು 21% ಅಂತ ಇರುವುದನ್ನೇ ತಗೊಳ್ಳಿ, 33% ಇದ್ದರೆ ಅಳತೆ ಬೇರೆಯಾಗುತ್ತದೆ. ಸತುವಿಗೆ ಹಳೇ ಟಾರ್ಚ್ ಸೆಲ್ಲಿನ ಒಳಗಿನ ಡಬ್ಬಿ ಬಿಚ್ಚಿ, ಕಪ್ಪು ಹಿಟ್ಟು ತೊಳೆದು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ. ಆಲ್ಕಲೈನ್ ಸೆಲ್ ಆಗುವುದಿಲ್ಲ, ಅದರ ಡಬ್ಬಿ ಉಕ್ಕಿನದು. ತಾಮ್ರಕ್ಕೆ ಮನೆ ವೈರಿಂಗಿನ ತುಂಡು ಸುಲಿದು ಸುರುಳಿ ಸುತ್ತಿದೆ.

ಸತುವನ್ನು ಜಿಂಕ್ ಸಲ್ಫೇಟಿನ ಲೋಟಕ್ಕೆ, ತಾಮ್ರವನ್ನು ಮೈಲುತುತ್ತದ ಲೋಟಕ್ಕೆ ಇಳಿಸಿ ತಂತಿ ಜೋಡಿಸಿದೆ. ಮಲ್ಟಿಮೀಟರ್ ಸೊನ್ನೆ! ನಡುವೆ ಅಯಾನು ದಾಟಲು ಸೇತುವೆ ಇರಲಿಲ್ಲ. ಸತುವಿನ ಕಡೆ ಧನ ಅಯಾನು ಜಾಸ್ತಿಯಾಗುತ್ತದೆ, ತಾಮ್ರದ ಕಡೆ ಸಲ್ಫೇಟ್ ಒಂಟಿಯಾಗಿ ಉಳಿಯುತ್ತದೆ. ಈ ಲೆಕ್ಕ ಸರಿತೂಗದೆ ಎಲೆಕ್ಟ್ರಾನ್ ಹರಿಯುವುದಿಲ್ಲ. ಪೊಟ್ಯಾಷ್ ಗೊಬ್ಬರದ ನೀರು ಸೋಸಿ, ಅದರಲ್ಲಿ ದೀಪದ ಬತ್ತಿ ಅದ್ದಿ ಎರಡೂ ಲೋಟಕ್ಕೆ ಇಳಿಬಿಟ್ಟೆ. ಮೀಟರಿನಲ್ಲಿ 1.07 ವೋಲ್ಟ್! ಪುಸ್ತಕದ ಲೆಕ್ಕ ಸತುವಿನ 0.76 ಮತ್ತು ತಾಮ್ರದ 0.34 ಸೇರಿ 1.10.

ಆದರೆ ವೋಲ್ಟ್ ಬಂತು ಅಂದ ಮಾತ್ರಕ್ಕೆ ಆಗಲಿಲ್ಲ. ಕೆಂಪು ಎಲ್‌ಇಡಿಗೆ ಹೆಚ್ಚುಕಡಿಮೆ 1.8 ವೋಲ್ಟ್ ಬೇಕು. ಇನ್ನೊಂದು ಜೋಡಿ ಲೋಟ ಸೇರಿಸಿ ಸರಣಿಯಲ್ಲಿ ಜೋಡಿಸಿದರೂ ಅದು ಮಂಕು ಚುಕ್ಕಿಯಷ್ಟೇ. ಬತ್ತಿ ತೀರಾ ಸಣ್ಣ, ಅಯಾನುಗಳಿಗೆ ದಾರಿ ಸಾಲದು. ಹಳೇ ಟವೆಲಿನ ಅಗಲ ಪಟ್ಟಿ ಮಡಚಿ ಅದೇ ನೀರಲ್ಲಿ ಅದ್ದಿ, ಲೋಟಗಳನ್ನು ಒತ್ತಿ ಇಟ್ಟೆ. ಎಲ್‌ಇಡಿ ಚೆನ್ನಾಗಿ ಹತ್ತಿತು. ಮಕ್ಕಳು ಕಿಟಕಿ ಮುಚ್ಚಿ ನೋಡಿದರು.

ಮರುದಿನ ಒಂದೇ ಸೆಲ್ಲನ್ನು ಸಣ್ಣ ರೆಸಿಸ್ಟರ್ ಮೂಲಕ ಬಿಟ್ಟು, 10 ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಒಂದು ಹಗಲು ಒಂದು ರಾತ್ರಿ ಓಡಿಸಿದೆವು. ಲೆಕ್ಕದ ಪ್ರಕಾರ 0.29 ಗ್ರಾಂ ಸತು ಕರಗಬೇಕು. ತಗಡಿಗೆ ಅಂಟಿದ್ದ ಕಪ್ಪು ಒರೆಸಿ ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಇಟ್ಟರೆ 0.31 ಇಳಿದಿತ್ತು. ಸೇತುವೆ ದಾಟಿ ಬಂದ ಸ್ವಲ್ಪ ತಾಮ್ರ ನೇರವಾಗಿ ಸತುವಿನ ಮೇಲೇ ಕೂತಿತ್ತು, ತಗಡಿನ ಅಂಚಿನ ಕಪ್ಪೇ ಅದನ್ನು ಹೇಳುತ್ತಿತ್ತು. ತಾಮ್ರದ ಸುರುಳಿ ಮಾತ್ರ ಹೊಸ ಗುಲಾಬಿ ಬಣ್ಣ ಹೊದ್ದು ದಪ್ಪಗಾಗಿತ್ತು. ಪ್ರಶ್ನೆ ಕೇಳಿದ ಹುಡುಗಿಯೇ ಅದನ್ನು ತೂಗಿ ಬೋರ್ಡಿನ ಮೇಲೆ ಬರೆದಳು: 0.27 ಗ್ರಾಂ ಜಾಸ್ತಿ.

ಮೈಲುತುತ್ತ ವಿಷ. ಗ್ಲೌಸ್ ಹಾಕಿಕೊಳ್ಳಿ, ಅಡುಗೆಮನೆಯ ಲೋಟ ಬಳಸಬೇಡಿ. ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಿದರೆ ಮೀನು ಸಾಯುತ್ತವೆ. ನಾವು ಸುಣ್ಣದ ತಿಳಿ ಬೆರೆಸಿ ತಾಮ್ರವನ್ನು ತಳಕ್ಕೆ ಕೂರಿಸಿದೆವು.