ಗಾಲ್ಫ್ ಮೈದಾನದ ಹಸಿರು ಬರೆಯುವಾಗ

ಕೆಜಿಎಫ್‌ನ ಗಾಲ್ಫ್ ಮೈದಾನದ ಕಡೆ ಬಣ್ಣದ ಡಬ್ಬಿ ಹಿಡಿದು ಹೋಗೋರಿಗೆ ಒಂದು ಮಾತು. ಮಧ್ಯಾಹ್ನ ಬೇಡ, ಬಿಸಿಲು ನೆತ್ತಿ ಮೇಲಿದ್ದರೆ ನೆಲದ ಏರುತಗ್ಗು ಕಾಣೋದೇ ಇಲ್ಲ. ಬೆಳಗ್ಗೆ 7ಕ್ಕೆ ಕೂತರೆ ಉದ್ದುದ್ದ ನೆರಳೇ ಅರ್ಧ ಚಿತ್ರ ಬರೆದುಕೊಡುತ್ತೆ.

ಟ್ಯೂಬಿನ ಹಸಿರನ್ನು ಹಾಗೇ ಬಳಿಯಬೇಡಿ, ಪ್ಲಾಸ್ಟಿಕ್ ಚಾಪೆ ಹಾಸಿದಂಗಿರುತ್ತೆ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ (ಮಣ್ಣುಹಳದಿ) ಬೆರೆಸಿ. ನಮ್ಮ ಕೋಲಾರದ ಬೇಸಿಗೆ ಹುಲ್ಲಿಗೆ ಒಂಚೂರು ಬರ್ನ್ಟ್ ಸಿಯೆನ್ನಾ (ಕೆಂಗಂದು) ಬೇಕೇ ಬೇಕು. ಕತ್ತರಿಸಿದ ಹುಲ್ಲಿನ ಪಟ್ಟೆಗೆ ಎರಡು ಬಣ್ಣ ಕಲಸಬೇಡಿ: ನಮ್ಮಿಂದ ಆಚೆ ಬಾಗಿದ್ದು ತಿಳಿ, ಈಚೆ ಬಾಗಿದ್ದು ಗಾಢ. ಅದೇ ಬಣ್ಣಕ್ಕೆ ನೀರು ಹೆಚ್ಚುಕಮ್ಮಿ ಮಾಡಿದರೆ ಸಾಕು.

ಚೆಂಡು ಬೀಳೋ ಗುಂಡಿಯಲ್ಲಿ ನೆಟ್ಟ ಬಾವುಟದ ಕೋಲು ಸುಮಾರು 7 ಅಡಿ. ಮರ, ಮನುಷ್ಯರ ಅಳತೆಯನ್ನು ಅದರಿಂದಲೇ ಹಿಡಿಯಿರಿ. ಹಿಂದೆ ಸೈನೈಡ್ ದಿಬ್ಬ (ಚಿನ್ನ ತೆಗೆದು ಉಳಿದ ಗಣಿಪುಡಿಯ ಗುಡ್ಡ) ಕಂಡರೆ ದಯವಿಟ್ಟು ಬಿಡಬೇಡಿ. ಆ ಬೂದುಹಳದಿ ಪಕ್ಕದಲ್ಲೇ ಹಸಿರು ಎದ್ದು ಕಾಣೋದು.